ಹೆಸರಿನಲ್ಲಿ ಬಣ್ಣ ಇರುವ ಪುಸ್ತಕ, ಪದ್ಯ ಹೇಳಿ (ಓದಿರಬೇಕು ಮಾತ್ರ!)

ಆಳಂದದ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಆಳಂದ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಈ ವರ್ಷ ನಮ್ಮ ಶಾಲೆಗೆ ಹೊಸ ಕಪಾಟು ಬಂದಿದೆ. ಪುಸ್ತಕ ಹೇಗೆ ಜೋಡಿಸೋಣ ಅಂತ ಮಕ್ಕಳನ್ನೇ ಕೇಳಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಸರ, ಹೆಸರಿನಾಗ ಬಣ್ಣ ಇರೋ ಪುಸ್ತಕ ಎಲ್ಲಾ ಒಂದು ಕಡಿ ಇಡೋಣ್ರಿ" ಅಂದಳು. ಸರಿ ಅಂತ ಒಪ್ಪಿಕೊಂಡೆ. ಹುಡುಕಲು ಕೂತ ಮೇಲೆ ಗೊತ್ತಾಯಿತು, ಇದು ಅಷ್ಟು ಸುಲಭ ಅಲ್ಲ. ತಟ್ಟನೆ ನೆನಪಾದವು ಎರಡೇ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು', ಕುವೆಂಪು ಅವರ 'ಹಸುರು' ಪದ್ಯ.

ನಿಮಗೆ ಗೊತ್ತಿರುವುದು ಹೇಳಿ. ಒಂದೇ ಶರತ್ತು: ನೆಟ್ಟಿನಿಂದ ಪಟ್ಟಿ ಎತ್ತಿ ಹಾಕಬೇಡಿ. ನೀವು ಓದಿರಬೇಕು. ಆ ಬಣ್ಣ ಪುಸ್ತಕದ ಒಳಗೂ ಇದೆಯೋ, ಬರೀ ರಟ್ಟಿನ ಮೇಲಷ್ಟೇ ಇದೆಯೋ ಅಂತ ಎರಡು ಮಾತು ಬರೆಯಿರಿ.

ಸೂಪರ್ ಮಾರ್ಕೆಟ್ ಓದುಗ (ಕಲಬುರಗಿ)
ತ್ರಿವೇಣಿಯವರ 'ಬೆಳ್ಳಿ ಮೋಡ'. ಮುಗೀತು, ನನ್ನ ಪಾಲಿನ ಕೆಲಸ ಆಯ್ತು 😀

ಕಾಗಿಣಾ ದಂಡೆ (ಸೇಡಂ)
ಬೆಳ್ಳಿ ಬಣ್ಣ ಹೇಗಾಗುತ್ತದ್ರಿ? ಅದು ಸರಾಫ್ ಬಜಾರದ ಮಾಲು. ಹಾಗಾದರೆ ಕಂಬಾರರ 'ಬೆಳ್ಳಿ ಮೀನು' ಸಂಕಲನವನ್ನೂ ಸೇರಿಸಬೇಕಾಗುತ್ತದೆ. ಆಮೇಲೆ ಚಿನ್ನ, ತಾಮ್ರ, ಹಿತ್ತಾಳೆ ಎಲ್ಲಾ ಬರುತ್ತವೆ.

ಸೂಪರ್ ಮಾರ್ಕೆಟ್ ಓದುಗ (ಕಲಬುರಗಿ)
ಸರ, ಮೇಷ್ಟ್ರು ಹೇಳಿದ ಪುಸ್ತಕದಲ್ಲೇ 'ಹೊನ್ನು' ಇದೆ. ಅದಕ್ಕೆ ಯಾಕೆ ಸುಮ್ನಿದ್ದೀರಿ?

ಹಳೇ ಪುಸ್ತಕದ ಕಾಕಾ (ಕಲಬುರಗಿ)
ಜಗಳ ಬೇಡ ತಮ್ಮಾ. ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಹೆಸರಿನಿಂದ ಬಣ್ಣ ತೆಗೆದುಬಿಡಿ. ಉಳಿದದ್ದು ಅದೇ ಪುಸ್ತಕ ಅನ್ನಿಸಿದರೆ ಆ ಬಣ್ಣ ಅಲಂಕಾರ. ಬೇರೆಯೇ ಪುಸ್ತಕ ಅನ್ನಿಸಿದರೆ ಬಣ್ಣ ದುಡಿಯುತ್ತಿದೆ ಅಂತ ಅರ್ಥ.

'ಬೆಳ್ಳಿ ಮೋಡ'ದಿಂದ ಬೆಳ್ಳಿ ತೆಗೆದು ನೋಡಿ. 'ಮೋಡ' ಅಂದರೆ ನಮ್ಮ ಕಡೆ ಮಳೆಯ ಆಸೆ. ಬೆಳ್ಳಗೆ ಹೊಳೆಯುವ ಮೋಡ ಹನಿ ಹಾಕುವುದಿಲ್ಲ, ಸುಮ್ನೆ ದಾಟಿ ಹೋಗುತ್ತದೆ. ಇದನ್ನು ತೊಗರಿ ಬಿತ್ತಿದ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಇಂದಿರಾಳ ಕಥೆಯೂ ಅದೇ ಅಲ್ವಾ? ಮಾವ ಆಗುವವನ ದುಡ್ಡಿನಲ್ಲಿ ಮೋಹನ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಇಂದಿರಾಗೆ ತಮ್ಮ ಹುಟ್ಟಿ, ಆಸ್ತಿ ಕೈಗೆ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ಮದುವೆಯ ಮಾತೇ ತಿರುಗುತ್ತದೆ. ಹಾಗಾಗಿ ಇಲ್ಲಿ ಬೆಳ್ಳಿ ಬಣ್ಣವೇ. ಪಾಸ್.

ಪುಟ್ಟಣ್ಣ ಕಣಗಾಲರು ಇದನ್ನು 1967ರಲ್ಲಿ ಸಿನಿಮಾ ಮಾಡಿದರು. ನಮ್ಮ ಕಾಲದವರು ಕಾದಂಬರಿಗಿಂತ ಮೊದಲು ಅದನ್ನೇ ನೋಡಿರುತ್ತೇವೆ. ಕಪ್ಪು ಬಿಳುಪು ಸಿನಿಮಾ ಅದು. ಅದರಲ್ಲಿ ಬೆಳ್ಳಿ ಮೋಡ ಹೇಗೆ ಕಾಣಬೇಕೋ ಹಾಗೇ ಕಂಡಿತು.

ಸುರಪುರದ ಸೊಸೆ
ಕಾಕಾ ಅವರ ಪರೀಕ್ಷೆ ಚೆನ್ನಾಗಿದೆ. 'ಹಸುರು ಹೊನ್ನು' ಯಾವ ಕಡೆಯಿಂದ ಕತ್ತರಿಸಿದರೂ ಸತ್ತುಹೋಗುತ್ತದೆ. ಸ್ವಾಮಿಯವರು ಡಿವಿಜಿಯವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟ ಸುತ್ತಿದ್ದನ್ನು ಬರೆದಿದ್ದಾರೆ. ಚಿತ್ರಗಳೂ ಅವರವೇ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೇಷ್ಟ್ರೇ, ಇದನ್ನು ಮಕ್ಕಳು ಭಯಪಡದೆ ಓದುತ್ತಾರೆ, ನಗುವ ಜಾಗ ಬೇಕಾದಷ್ಟಿವೆ.

ಇನ್ನು ಕುವೆಂಪು ಅವರ 'ಹಸುರು'. ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದೆ. ಊರಲ್ಲಿದ್ದಾಗ ಆ ಪದ್ಯ ನನಗೆ ಏನೂ ಅನ್ನಿಸಿರಲಿಲ್ಲ. ಕಿಟಕಿಯ ಹೊರಗೆ ಇರುವುದನ್ನೇ ಬರೆದಿದ್ದಾರೆ, ಅದರಲ್ಲೇನು ಅಂತ. ಇಲ್ಲಿ ಬಂದು ಮೊದಲ ಬೇಸಿಗೆ ಕಳೆದ ಮೇಲೆ ಮತ್ತೆ ಓದಿದೆ. ಆಕಾಶ ಹಸಿರು, ಮುಗಿಲು ಹಸಿರು, ಸಂಜೆಯ ಬಿಸಿಲೂ ಹಸಿರು ಅಂತ ಹೋಗುತ್ತಾ ಹೋಗುತ್ತಾ ಕೊನೆಗೆ ಕವಿಯ ಒಡಲಿನ ನೆತ್ತರೂ ಹಸಿರಾಗುತ್ತದೆ. ನೋಡುತ್ತಿದ್ದದ್ದು ಮೈಯೊಳಗೆ ಇಳಿದುಬಿಟ್ಟಿತು. ಅಲ್ಲಿಗೆ ಪದ್ಯ ಪ್ರಕೃತಿ ವರ್ಣನೆ ಆಗಿ ಉಳಿಯುವುದಿಲ್ಲ. ನೀವು ಮಕ್ಕಳಿಗೆ ಹೇಳುವಾಗ ಆ ಒಂದು ಸಾಲಿನ ಹತ್ತಿರ ನಿಲ್ಲಿಸಿ. 'ಪಕ್ಷಿಕಾಶಿ' ಸಂಕಲನದಲ್ಲಿದೆ.

ನಾರಾಯಣಪುರ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆಯೂ ಭತ್ತದ ಹಸಿರು ಕಡಿಮೆಯೇನಿಲ್ಲ. ಆದರೆ ಈ ಹಸಿರಿನ ಮೇಲೆ ಯಾರೂ ಪದ್ಯ ಬರೆದದ್ದು ನಾನಂತೂ ಓದಿಲ್ಲ.

ಎಂ.ಎ. ಕನ್ನಡ, ಎರಡನೇ ವರ್ಷ
ಎಲ್ಲರೂ ಹಸಿರಲ್ಲೇ ಇದ್ದೀರಿ. ಕನ್ನಡದಲ್ಲಿ ಹೆಸರಿಗೆ ಅತಿ ಜಾಸ್ತಿ ಬಂದ ಬಣ್ಣ ಕಪ್ಪು ಅಂತ ನನಗನ್ನಿಸುತ್ತದೆ. ನೆನಪಿಗೆ ಬಂದಷ್ಟು ಹೇಳುತ್ತೇನೆ.

ಸಿದ್ಧಲಿಂಗಯ್ಯನವರ 'ಕಪ್ಪು ಕಾಡಿನ ಹಾಡು'. ಎಲ್. ಹನುಮಂತಯ್ಯನವರ 'ಕಪ್ಪು ಕಣ್ಣಿನ ಹುಡುಗಿ'. ಕಂಬಾರರ 'ಕರಿಮಾಯಿ'. ಬರಗೂರರ ಕಥಾಸಂಕಲನ 'ಕಪ್ಪು ನೆಲದ ಕೆಂಪು ಕಾಲು', ಇದರಲ್ಲಿ ಒಂದೇ ಹೆಸರಿಗೆ ಎರಡು ಬಣ್ಣ!

ಕಾಕಾ ಪರೀಕ್ಷೆ ಮಾಡೋಣ. 'ಕಾಡಿನ ಹಾಡು' ಅಂದರೆ ಕ್ಯಾಲೆಂಡರ್ ಚಿತ್ರ. ಜಿಂಕೆ, ಜಲಪಾತ. 'ಕಪ್ಪು' ಸೇರಿದ ಕೂಡಲೇ ಅಲ್ಲಿ ಜನ ಬರುತ್ತಾರೆ. ಸಿದ್ಧಲಿಂಗಯ್ಯನವರದೇ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು, ಅದರಲ್ಲಿ ಜನರ ಹೆಸರನ್ನು ನೇರವಾಗಿ ಹೇಳಿದ್ದರು. ಆಮೇಲೆ ಬಂದ ಈ ಸಂಕಲನದ ಹೆಸರಿಗೆ ಬಣ್ಣ ಬಂತು. ಆ ಬಣ್ಣದ ಹಿಂದೆ ಯಾರಿದ್ದಾರೆ ಅಂತ ಮೊದಲಿನದನ್ನು ಓದಿದವರಿಗೆ ಹೇಳಬೇಕಾಗಿಲ್ಲ. ನನ್ನ ಪ್ರಕಾರ ಇದು ಕನ್ನಡದಲ್ಲಿ ಬಣ್ಣವನ್ನು ಹೆಸರಿಗೆ ಹಾಕಿದ ಅತಿ ಗಟ್ಟಿ ಕೆಲಸ. ಮೈಬಣ್ಣ, ಮಣ್ಣು, ಕತ್ತಲು ಮೂರೂ ಒಂದೇ ಮಾತಿನಲ್ಲಿ ಬಂದುಬಿಡುತ್ತವೆ.

ಹಳೇ ಪುಸ್ತಕದ ಕಾಕಾ (ಕಲಬುರಗಿ)
ಶಹಬ್ಬಾಸ್ ಮಗಳೇ! ಆದರೆ ಮನೆಯ ಪುಸ್ತಕ ಬಿಟ್ಟು ಊರೆಲ್ಲ ತಿರುಗಿ ಬಂದೆಯಲ್ಲಾ? ಚೆನ್ನಣ್ಣ ವಾಲೀಕಾರರ 'ಕರಿತೆಲಿ ಮಾನವನ ಜೀಪದ' ಎಲ್ಲಿ?

ಎಂ.ಎ. ಕನ್ನಡ, ಎರಡನೇ ವರ್ಷ
ಹೆಸರು ಗೊತ್ತಿದೆ ಸರ್. ಪುಸ್ತಕ ಸಿಕ್ಕಿಲ್ಲ. ಓದದೆ ಹೇಳಬಾರದು ಅಂತ ಶರತ್ತು ಇದೆಯಲ್ಲ!

ಹಳೇ ಪುಸ್ತಕದ ಕಾಕಾ (ಕಲಬುರಗಿ)
ಅದೂ ಸರಿಯೇ. ಹಾಗಾದರೆ ನಾನೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ವಾಲೀಕಾರರು ನಮ್ಮ ಚಿತ್ತಾಪುರ ತಾಲೂಕಿನವರು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದವರು. 2019ರಲ್ಲಿ ತೀರಿಕೊಂಡರು. 'ವ್ಯೋಮಾವ್ಯೋಮ' ಅನ್ನುವ ಮಹಾಕಾವ್ಯ ಬರೆದಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ, ಓದಿದವರು ಕಡಿಮೆ. ನನಗೆ ಮಾತ್ರ ಅವರ ಚಿಕ್ಕ ಸಂಕಲನಗಳೇ ಇಷ್ಟ.

ಆ ಹೆಸರನ್ನು ಒಮ್ಮೆ ಜೋರಾಗಿ ಓದಿ. 'ಕರಿ ತಲೆಯ' ಅಂತ ತಿದ್ದಿ ಬರೆದಿದ್ದರೆ ಬೆಂಗಳೂರು, ಮೈಸೂರಿನ ಅಂಗಡಿಗಳಲ್ಲಿ ಜಾಸ್ತಿ ಮಾರಾಟ ಆಗುತ್ತಿತ್ತೋ ಏನೋ. ಅವರು ತಿದ್ದಲಿಲ್ಲ. ಬಿಸಿಲಲ್ಲಿ ಹೊಲದಲ್ಲಿ ಬಗ್ಗಿ ನಿಂತವನನ್ನು ಬದುವಿನ ಮೇಲಿಂದ ನೋಡಿದರೆ ಏನು ಕಾಣುತ್ತದೆ? ಮುಖ ಕಾಣುವುದಿಲ್ಲ. ಕರಿ ತೆಲಿ ಕಾಣುತ್ತದೆ. ಬದುವಿನ ಮೇಲೆ ನಿಂತವನು ಗೌಡನೋ ಸಾಹುಕಾರನೋ ಇರುತ್ತಾನೆ. ಅವನಿಗೆ ಕಾಣುವ ಕರಿ ತೆಲಿಯನ್ನೇ ಕವಿ ಮಾನವ ಅಂತ ಕರೆದು ಹಾಡಲು ನಿಲ್ಲಿಸಿದರು. ನಾನು ಆ ಹೆಸರನ್ನು ಹೀಗೆ ಓದಿಕೊಂಡಿದ್ದೇನೆ. ಬೇರೆಯವರು ಬೇರೆ ಥರ ಓದಲಿ.

ಸಿದ್ಧಲಿಂಗಯ್ಯನವರ ಕಪ್ಪಿನಲ್ಲಿ ಮೆರವಣಿಗೆ ಇದೆ, ಘೋಷಣೆ ಇದೆ. ವಾಲೀಕಾರರ ಕರಿಯಲ್ಲಿ ಎರೆಮಣ್ಣು ಇದೆ, ಹಾಡಕ್ಕಿ ಹಾಡುವವರ ದನಿ ಇದೆ. ಎರಡೂ ಒಂದೇ ಕಾಲದ ಸಿಟ್ಟು. ಮೇಷ್ಟ್ರು ತಮ್ಮ ಕಪಾಟಿನಲ್ಲಿ ಇವೆರಡನ್ನೂ ಪಕ್ಕಪಕ್ಕ ಇಡಬೇಕು.

ಆಳಂದದ ಮೇಷ್ಟ್ರು
ಕಾಕಾ, ಇಡುತ್ತೇನೆ. ಆದರೆ ಸಿಗುವುದೆಲ್ಲಿ? ಇಲ್ಲಿಯ ಅಂಗಡಿಗಳಲ್ಲಿ ಕೇಳಿದರೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ತೋರಿಸುತ್ತಾರೆ.

ಸೂಪರ್ ಮಾರ್ಕೆಟ್ ಓದುಗ (ಕಲಬುರಗಿ)
ಅವಕ್ಕೂ ಬಣ್ಣ ಇರುತ್ತದೆ ಸರ, ಹೆಸರಿನಲ್ಲಿ ಇರಲ್ಲ ಅಷ್ಟೇ.

ಕಾಗಿಣಾ ದಂಡೆ (ಸೇಡಂ)
ನಮ್ಮೂರಿನ ಪಕ್ಕದ ಮಳಖೇಡದಲ್ಲಿ ನೃಪತುಂಗನ ಆಸ್ಥಾನ ಇತ್ತು. 'ಕವಿರಾಜಮಾರ್ಗ' ಅಲ್ಲಿ ಹುಟ್ಟಿತು. ಕನ್ನಡದಲ್ಲಿ ನಮಗೆ ಸಿಕ್ಕ ಮೊದಲ ಗ್ರಂಥ. ಹೆಸರಿನಲ್ಲಿ ಬಣ್ಣ ಇಟ್ಟಿದ್ದರೆ ಈಗ ಈ ಚರ್ಚೆಯಲ್ಲಿ ನಾನೇ ಗೆಲ್ಲುತ್ತಿದ್ದೆ 😀

ಬಸವಕಲ್ಯಾಣದ ಕಡೆಯವರು ಯಾರಾದರೂ ವಚನ ಹೇಳುತ್ತಾರೆ ಅಂತ ಕಾಯುತ್ತಿದ್ದೇನೆ.

ಕೋಟೆ ಓಣಿ (ಬೀದರ್)
ವಚನಕ್ಕೆ ಹೆಸರೇ ಇಲ್ಲವಲ್ಲ ಅಣ್ಣಾ. ಅಂಕಿತ ಇದೆ, ಮೊದಲ ಸಾಲು ಇದೆ, ಸಂಪಾದಕರು ಹಾಕಿದ ನಂಬರ್ ಇದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳದ್ದೂ ಅದೇ ಕಥೆ. ಹಾಡುವವರು ಪಲ್ಲವಿಯಿಂದ ಗುರುತಿಸುತ್ತಾರೆ. ಹೆಸರಿಡುವ ಚಾಳಿ ಅಚ್ಚಿನ ಜೊತೆ ಬಂತು ಅನ್ನಿಸುತ್ತದೆ. ಹಾಗಾಗಿ ನಮ್ಮ ಭಾಗದ ಅತಿ ದೊಡ್ಡ ಆಸ್ತಿಯೇ ಈ ಕಪಾಟಿನಿಂದ ಹೊರಗೆ.

ನನ್ನ ಪುಸ್ತಕ ಹೊರನಾಡಿನದು. ಓರ್ಹಾನ್ ಪಾಮುಕ್ ಅವರ 'ನನ್ನ ಹೆಸರು ಕೆಂಪು'. 1998ರಲ್ಲಿ ಟರ್ಕಿ ಭಾಷೆಯಲ್ಲಿ ಬಂದದ್ದು. ನಾನು ಓದಿದ್ದು ಇಂಗ್ಲಿಷಿನಲ್ಲಿ, ನಿಧಾನವಾಗಿ. ಸುಲ್ತಾನನಿಗಾಗಿ ಪುಸ್ತಕಗಳಲ್ಲಿ ಚಿಕ್ಕ ಚಿಕ್ಕ ಚಿತ್ರ ಬರೆಯುವ ಕಲಾವಿದರ ಕಥೆ. ಕೊಲೆ ಇದೆ, ಪ್ರೀತಿ ಇದೆ. ಮೊದಲ ಅಧ್ಯಾಯದಲ್ಲಿ ಮಾತಾಡುವವನು ಹೆಣ. ಇನ್ನೊಂದು ಅಧ್ಯಾಯದಲ್ಲಿ ಕೆಂಪು ಬಣ್ಣವೇ ಕೂತು ತನ್ನ ಕಥೆ ಹೇಳುತ್ತದೆ. ತನ್ನನ್ನು ಹೇಗೆ ಅರೆದರು, ಹೇಗೆ ಕುದಿಸಿದರು ಅಂತ. ಹಿಂದೂಸ್ತಾನದ ಬಿಸಿ ಸೀಮೆಯಿಂದ ತಂದ ಕೆಂಪು ಹುಳುವನ್ನು ಒಣಗಿಸಿ ಪುಡಿ ಮಾಡಿದ್ದು ಅಂತ ಬರುತ್ತದೆ. ಬಿಸಿ ಸೀಮೆ ಅಂದರೆ ನಮ್ಮದೇ ಇರಬೇಕು!

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಿದರಿ ಕೆಲಸ. ಅದಕ್ಕೇ ಆ ಅಧ್ಯಾಯ ನನ್ನನ್ನು ಹಿಡಿದುಕೊಂಡಿತು. ನಮ್ಮಲ್ಲೂ ಬಣ್ಣ ಅಂದರೆ ಡಬ್ಬಿ ತೆಗೆದು ಬಳಿಯುವುದಲ್ಲ. ಸತುವು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಆಗ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಅದರ ಮೇಲೆ ಗೀರಿದ ಗೆರೆ ಬೆಳ್ಳಗೆ ಕಾಣುತ್ತದೆ. ಉಳಿಯಿಂದ ಕೆತ್ತಿ, ಆ ಸಂದಿಗೆ ಬೆಳ್ಳಿ ತಂತಿ ಕೂರಿಸಿ, ಮತ್ತೆ ಉಜ್ಜಿದರೆ ಎಲ್ಲಾ ಒಂದೇ ಬಿಳಿ. ಬೆಳ್ಳಿ ಎಲ್ಲಿದೆ, ಸತುವು ಎಲ್ಲಿದೆ ಕಾಣುವುದೇ ಇಲ್ಲ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಸೇರಿಸಿ ಬಿಸಿ ಮಾಡಿ ತಿಕ್ಕುತ್ತಾರೆ. ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಆ ಮಣ್ಣಿನ ಬಗ್ಗೆ ಅಜ್ಜ ಯಾರಿಗೂ ಜಾಸ್ತಿ ಹೇಳುತ್ತಿರಲಿಲ್ಲ. ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಿದ್ದರು. ಪಾಮುಕ್ ಕಾದಂಬರಿಯ ಮುದುಕ ಕಲಾವಿದರೂ ಹಾಗೇ, ಹೇಳುವುದಕ್ಕಿಂತ ಮುಚ್ಚಿಡುವುದು ಜಾಸ್ತಿ.

ಅವರದೇ ಇನ್ನೊಂದು ಕಾದಂಬರಿ ಒ.ಎಲ್. ನಾಗಭೂಷಣ ಸ್ವಾಮಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂದಿದೆ, 'ಕೆಂಪು ಮುಡಿಯ ಹೆಣ್ಣು'. ಬಾವಿ ತೋಡುವವನ ಕಥೆ. ಮಕ್ಕಳಿಗಿಂತ ಮೇಷ್ಟ್ರಿಗೆ ಹೇಳಿ ಮಾಡಿಸಿದ್ದು.

ಸುರಪುರದ ಸೊಸೆ
ಬಿದರಿಯ ಬಗ್ಗೆ ಇಷ್ಟು ಬರೆದಿರಲ್ಲ, ನೀವೇ ಒಂದು ಪುಸ್ತಕ ಬರೆಯಬಾರದೇ? ಹೆಸರಿನಲ್ಲಿ ಕಪ್ಪು, ಬೆಳ್ಳಿ ಎರಡೂ ಇಡಬಹುದು. ಸೇಡಂನವರು ಬಿಡಲಿಕ್ಕಿಲ್ಲ.

ಕಾಗಿಣಾ ದಂಡೆ (ಸೇಡಂ)
ಬೀದರ್ ಬೆಳ್ಳಿಗೆ ವಿನಾಯಿತಿ ಇದೆ ಅಕ್ಕಾ.

ಸೂಪರ್ ಮಾರ್ಕೆಟ್ ಓದುಗ (ಕಲಬುರಗಿ)
ಲಂಕೇಶರ 'ಕೆಂಪಾದವೋ ಎಲ್ಲ ಕೆಂಪಾದವೋ' ಯಾರೂ ಹೇಳಲಿಲ್ಲ. 'ಎಲ್ಲಿಂದಲೋ ಬಂದವರು' ಸಿನಿಮಾದ ಹಾಡು. ಹಸಿರು ಗಿಡ, ಬಿಳಿ ಹೂವು ನೋಡನೋಡುತ್ತಾ ಕೆಂಪಾಗುತ್ತವೆ. ಕುವೆಂಪು ಕವಿತೆಯಲ್ಲಿ ನೆತ್ತರು ಹಸಿರಾದರೆ ಇಲ್ಲಿ ಹಸಿರೇ ನೆತ್ತರಾಯಿತು. ಮೇಷ್ಟ್ರೇ, ಎರಡನ್ನೂ ಒಂದೇ ಪೀರಿಯಡ್ಡಿನಲ್ಲಿ ಮಾಡಿ.

ವೈದೇಹಿಯವರ 'ಗುಲಾಬಿ ಟಾಕೀಸು' ನಡೆಯುತ್ತದಾ?

ಎಂ.ಎ. ಕನ್ನಡ, ಎರಡನೇ ವರ್ಷ
ಕಥೆ ಚೆನ್ನಾಗಿದೆ, ಆದರೆ ಅಲ್ಲಿ ಗುಲಾಬಿ ಬಣ್ಣ ಅಲ್ಲ, ಹೆಸರು. ನಡೆಯಲ್ಲ. ಜಯಂತ ಕಾಯ್ಕಿಣಿಯವರ 'ಬಣ್ಣದ ಕಾಲು' ಕೂಡ ನಡೆಯಲ್ಲ ಅಂತ ಯಾರಾದರೂ ಹೇಳಿದರೆ ಮಾತ್ರ ನಾನು ಜಗಳ ಆಡುತ್ತೇನೆ. ಯಾವ ಬಣ್ಣ ಅಂತ ಹೇಳದೇ ಇರುವುದೇ ಅದರ ಚೆಂದ.

ಕೋಟೆ ಓಣಿ (ಬೀದರ್)
ಇಲ್ಲಿ ಅರ್ಧ ಜನ ಉರ್ದು ಬಲ್ಲವರಿದ್ದೀರಿ, ಮಂಟೋ ಹೆಸರು ಯಾಕೆ ಬರಲಿಲ್ಲ? 'ಕಾಲಿ ಶಲ್ವಾರ್' ಕಥೆ. ಅಂಬಾಲಾದಿಂದ ದೆಹಲಿಗೆ ಬಂದ ಸುಲ್ತಾನಾಗೆ ಮೈ ಮಾರುವ ಧಂಧೆ ನಡೆಯುತ್ತಿಲ್ಲ. ಮೊಹರಂ ಹತ್ತಿರ ಬರುತ್ತಿದೆ. ಉಡಲು ಕಪ್ಪು ಶಲ್ವಾರ್ ಬೇಕು. ಅಷ್ಟೇ ಆಸೆ. ಅಶ್ಲೀಲ ಅಂತ ಈ ಕಥೆಯ ಮೇಲೆ ಕೇಸು ಹಾಕಿದ್ದರು. ಮೊಹರಮ್ಮಿಗೆ ಕಪ್ಪು ಯಾಕೆ ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಲಾಯಿ ಕುಣಿಯದ ಹಳ್ಳಿ ನಮ್ಮಲ್ಲಿ ಎಷ್ಟಿವೆ ಹೇಳಿ? ಆದ್ದರಿಂದ ಆ ಬಡತನ ನಮಗೆ ಬೇಗ ತಾಗುತ್ತದೆ. ಕೊನೆಯಲ್ಲಿ ಕಿವಿಯ ಬುಂದೆಯ ಗುಟ್ಟು ಒಡೆಯುತ್ತದೆ. ಅದನ್ನು ಹೇಳಲ್ಲ, ಓದಿ.

ದೇಶ ವಿಭಜನೆಯ ಮೇಲೆ ಬರೆದ 'ಸಿಯಾಹ್ ಹಾಶಿಯೇ' ಕೂಡ ಅವರದೇ, 1948ರದು. ಕಪ್ಪು ಅಂಚುಗಳು. ಕೆಲವು ಕಥೆ ಎರಡೇ ಸಾಲು.

ಆಳಂದದ ಮೇಷ್ಟ್ರು
ಕಾಲಿ ಶಲ್ವಾರ್ ಒಂಬತ್ತನೇ ಕ್ಲಾಸಿಗೆ ಕಷ್ಟ ಭಾಯಿ. ಸ್ಟಾಫ್ ರೂಮಿನಲ್ಲಿ ಇಡುತ್ತೇನೆ.

ಹಳದಿ ಮತ್ತು ನೀಲಿ ಯಾರೂ ಹೇಳುತ್ತಿಲ್ಲ. ನಮ್ಮ ಕಡೆ ತೊಗರಿ ಹೂ ಬಿಟ್ಟಾಗ ಹೊಲವೆಲ್ಲ ಹಳದಿ. ಆದರೂ ಒಂದು ಕನ್ನಡ ಪುಸ್ತಕ ನೆನಪಾಗುತ್ತಿಲ್ಲ.

ಸುರಪುರದ ಸೊಸೆ
ಕನ್ನಡದ್ದು ನನಗೂ ಹೊಳೆಯುತ್ತಿಲ್ಲ. ಇಂಗ್ಲಿಷಿನದು ಒಂದಿದೆ, ಅಮೆರಿಕದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಬರೆದ 'ದಿ ಯೆಲ್ಲೋ ವಾಲ್‌ಪೇಪರ್'. ಸಣ್ಣ ಕಥೆ. ಹೆರಿಗೆಯಾದ ಹೆಂಗಸಿಗೆ ಮನಸ್ಸು ಸರಿಯಿಲ್ಲ ಅಂತ ಗಂಡ ವಿಶ್ರಾಂತಿಗೆ ಹಾಕುತ್ತಾನೆ. ಗಂಡ ಡಾಕ್ಟರು ಬೇರೆ. ಮೇಲಿನ ಕೋಣೆ, ಬರೆಯಬಾರದು, ಕೆಲಸ ಮಾಡಬಾರದು. ಗೋಡೆಗೆ ಅಂಟಿಸಿದ ಹಳದಿ ಕಾಗದ ನೋಡುತ್ತಾ ಕೂತವಳಿಗೆ ಅದರ ಚಿತ್ತಾರದ ಹಿಂದೆ ಒಬ್ಬ ಹೆಂಗಸು ತೆವಳುವುದು ಕಾಣಿಸಲು ಶುರುವಾಗುತ್ತದೆ. ನಾನು ಬಾಣಂತಿ ಕೋಣೆಯಲ್ಲಿ ಇದ್ದಾಗ ಓದಿದೆ. ಓದಬಾರದಿತ್ತು ಅಂತ ಅತ್ತೆ, ಓದಿದ್ದು ಒಳ್ಳೆಯದಾಯಿತು ಅಂತ ನಾನು. ಹಳದಿ ಅಂದರೆ ನಮಗೆ ಅರಿಶಿನ, ಮಂ‍ಗಳ. ಆ ಕಥೆಯ ಹಳದಿಗೆ ಕೊಳೆತ ವಾಸನೆ ಇದೆ. ಮದುವೆಯಾದ ಗಂಡಸರಿಗೆಲ್ಲ ಕಡ್ಡಾಯ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ನೀಲಿಗೆ ರಸ್ಕಿನ್ ಬಾಂಡ್ ಅವರ 'ದಿ ಬ್ಲೂ ಅಂಬ್ರೆಲಾ' ಇಡಿ. ಬೆಟ್ಟದ ಊರಿನ ಬಿನ್ಯಾಗೆ ಸಿಕ್ಕ ನೀಲಿ ಛತ್ರಿ, ಅದರ ಮೇಲೆ ಅಂಗಡಿಯ ಮುದುಕನ ಕಣ್ಣು. ಒಂಬತ್ತನೇ ಕ್ಲಾಸಿಗೆ ಸರಿಯಾದ ಇಂಗ್ಲಿಷ್.

ಎಂ.ಎ. ಕನ್ನಡ, ಎರಡನೇ ವರ್ಷ
ನೇರಳೆ ಬಣ್ಣಕ್ಕೆ ಆಲಿಸ್ ವಾಕರ್ ಅವರ 'ದಿ ಕಲರ್ ಪರ್ಪಲ್', 1982ರದು. ಮರುವರ್ಷ ಪುಲಿಟ್ಜರ್ ಬಂತು. ಸೆಲಿ ದೇವರಿಗೆ ಬರೆಯುವ ಕಾಗದಗಳು. ಹೊಲದಲ್ಲಿ ನೇರಳೆ ಬಣ್ಣ ಕಂಡೂ ನೋಡದೆ ದಾಟಿ ಹೋದರೆ ದೇವರಿಗೆ ಸಿಟ್ಟು ಬರುತ್ತದೆ ಅಂತ ಅವಳ ಗೆಳತಿ ಹೇಳುತ್ತಾಳೆ. ಅದನ್ನು ಓದಿದ ಮೇಲೆ ಊರಿಗೆ ಹೋದಾಗ ಅಗಸಿ ಹೊಲದ ಮುಂದೆ ನಿಂತೆ. ಹಿಂಗಾರಿನಲ್ಲಿ ಅದರ ಹೂ ತಿಳಿ ನೀಲಿ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಉದುರುತ್ತದೆ. ಅಪ್ಪ ಬಂದು, "ಏನ್ ನೋಡ್ತಿ, ಎಣ್ಣಿಗೆ ಎಷ್ಟ್ ಬರ್ತದ ಅಂತನಾ?" ಅಂದರು.

ಹಳೇ ಪುಸ್ತಕದ ಕಾಕಾ (ಕಲಬುರಗಿ)
ಬಿಳಿಗೆ ಜಗದೀಶ್ ಕೊಪ್ಪ ಅವರ 'ಬಿಳಿ ಸಾಹೇಬನ ಭಾರತ' ಬರೆದುಕೊಳ್ಳಿ. ಜಿಮ್ ಕಾರ್ಬೆಟ್ ಜೀವನ.

ಕಾಗಿಣಾ ದಂಡೆ (ಸೇಡಂ)
ಕಾಕಾ, ನಿಮ್ಮದೇ ಪರೀಕ್ಷೆಯಲ್ಲಿ ಅದು ಫೇಲ್. 'ಸಾಹೇಬನ ಭಾರತ' ಅಂದರೂ ಸಾಹೇಬ ಬಿಳಿಯನೇ ಅಂತ ಗೊತ್ತಾಗುತ್ತದೆ.

ಹಳೇ ಪುಸ್ತಕದ ಕಾಕಾ (ಕಲಬುರಗಿ)
ನಮ್ಮ ಕಲಬುರಗಿಯಲ್ಲಿ ಸಾಹೇಬ ಅಂದರೆ ಬಿಳಿಯನೇ ಏನು? ಕಚೇರಿಗೆ ಹೋಗಿ ನೋಡಿ ಬಾ. ಕಾರ್ಬೆಟ್ ಹುಟ್ಟಿದ್ದು ನೈನಿತಾಲ್‌ನಲ್ಲಿ, ಬೆಳೆದದ್ದು ಇಲ್ಲಿ, ಬಾಳಿನ ಬಹುಪಾಲು ಇಲ್ಲಿಯ ಹಳ್ಳಿಯವರ ಜೊತೆ. ಸ್ವಾತಂತ್ರ್ಯ ಬಂದ ಮೇಲೆ ಕೀನ್ಯಾಕ್ಕೆ ಹೋಗಿ ಅಲ್ಲೇ ತೀರಿಕೊಂಡ. ಇಷ್ಟು ಇಲ್ಲಿಯವನಾದ ಮನುಷ್ಯ ಯಾಕೆ ಹೋಗಬೇಕಾಯಿತು? ಆ 'ಬಿಳಿ'ಯಲ್ಲೇ ಇದೆ ಉತ್ತರ. ಪಾಸ್.

ಕಾಗಿಣಾ ದಂಡೆ (ಸೇಡಂ)
ಪರೀಕ್ಷೆ ನಿಮ್ಮದು, ಪೇಪರ್ ತಿದ್ದುವವರೂ ನೀವೇ. ಇನ್ನೇನು ಹೇಳಲಿ.

ಆಳಂದದ ಮೇಷ್ಟ್ರು
ಪಟ್ಟಿಯನ್ನು ಕ್ಲಾಸಿನಲ್ಲಿ ಓದಿದೆ. ಕಪ್ಪಿಗೆ ಅಷ್ಟೊಂದು ಪುಸ್ತಕ ಯಾಕೆ ಸರ ಅಂತ ಕೇಳಿದರು. ಹಿಂದಿನ ಬೆಂಚಿನ ಹುಡುಗ, "ನಮ್ ಹೊಲ ಕರಿದು, ನಾವೂ ಕರಿದು, ಬ್ಯಾರೆ ಏನ್ ಬರೀತಾರ" ಅಂದ. ಎಲ್ಲರೂ ನಕ್ಕರು. ನಾನು ಅವನಿಗೇ 'ಕಪ್ಪು ಕಾಡಿನ ಹಾಡು' ಕೊಟ್ಟಿದ್ದೇನೆ. ಓದಿ ಬಂದು ಮಾತಾಡಲಿ.

ಕಾಕಾ, ವಾಲೀಕಾರರ ಪುಸ್ತಕ ನಿಮ್ಮ ಹತ್ತಿರ ಇದ್ದರೆ ಜೆರಾಕ್ಸ್ ಮಾಡಿಸಿಕೊಳ್ಳಲೇ?

ಹಳೇ ಪುಸ್ತಕದ ಕಾಕಾ (ಕಲಬುರಗಿ)
ಜೆರಾಕ್ಸ್ ಬೇಡ, ಹೊಲಿಗೆ ಬಿಚ್ಚುತ್ತದೆ. ಮನೆಗೆ ಬನ್ನಿ, ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹುಡುಗಿಯನ್ನೂ ಕರೆದುಕೊಂಡು ಬನ್ನಿ, ಎಂ.ಎ.ಯವಳನ್ನು. ಅವಳ ಅಕ್ಷರ ಚೆನ್ನಾಗಿರಬಹುದು.

ಎಂ.ಎ. ಕನ್ನಡ, ಎರಡನೇ ವರ್ಷ
ಭಾನುವಾರ ಬರುತ್ತೇನೆ ಸರ್. ಅಕ್ಷರದ ಬಗ್ಗೆ ಭರವಸೆ ಇಟ್ಟುಕೊಳ್ಳಬೇಡಿ.

ಸುರಪುರದ ಸೊಸೆ
ಬೀದರಿನವರೇ, ಆ ಪಾಮುಕ್ ಪುಸ್ತಕ ನನಗೆ ಓದಲು ಕೊಡುತ್ತೀರಾ? ಜೋಪಾನ ಮಾಡುತ್ತೇನೆ.

ಕೋಟೆ ಓಣಿ (ಬೀದರ್)
ಖಂಡಿತ ಅಕ್ಕಾ. ಮುಂದಿನ ವಾರ ಮಾಲು ಕೊಡಲು ಕಲಬುರಗಿಗೆ ಬರುತ್ತೇನೆ, ಅಲ್ಲಿಂದ ಸುರಪುರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ಕೆಂಪು ಮಾತಾಡುವ ಅಧ್ಯಾಯದ ಪುಟಗಳ ಮೇಲೆ ಕಪ್ಪು ಬೆರಳಿನ ಗುರುತು ಇವೆ, ಬೇಜಾರು ಮಾಡಿಕೊಳ್ಳಬೇಡಿ.